ಮಂಗಳೂರಿನ ಆಶು ಮತ್ತು ದೇವರು ಆರಿಸಿಕೊಂಡ ಜನ

ಯಹೂದಿಗಳ ಮಾತು ಬಂದರೆ ನಮ್ಮಲ್ಲಿ ಮೊದಲು ಹಿಟ್ಲರ್ ಬರುತ್ತಾನೆ, ಆಮೇಲೆ ಇಸ್ರೇಲ್. ಅದಾದ ಮೇಲೆ ಯಾರಾದರೂ ಒಬ್ಬರು ಸ್ವಲ್ಪ ಮೂಗು ಮುರಿದುಕೊಂಡೇ ಕೇಳುತ್ತಾರೆ, ಅವರು ತಮ್ಮನ್ನು ದೇವರೇ ಆರಿಸಿಕೊಂಡ ಜನ ಅಂದುಕೊಳ್ಳುತ್ತಾರಂತೆ, ಹೌದಾ? ಎಷ್ಟು ಸೊಕ್ಕು ಅಲ್ವಾ?

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಏಕೆಂದರೆ ಈ ನಂಬಿಕೆಯ ಬಗ್ಗೆ ಯಹೂದಿಗಳೇ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲದಿಂದ ತಮ್ಮತಮ್ಮಲ್ಲೇ ಜಗಳ ಆಡಿಕೊಂಡು ಬಂದಿದ್ದಾರೆ, ಆ ಜಗಳ ಹೊರಗಿನವರು ಹಾಕುವ ಪ್ರಶ್ನೆಗಿಂತ ಎಷ್ಟೋ ಚುರುಕಾಗಿದೆ. ಅದರ ಒಂದು ಎಳೆ ನಮ್ಮ ಮಂಗಳೂರಿನವರೆಗೂ ಬಂದಿದೆ. ನನಗೆ ಈ ವಿಷಯದ ರುಚಿ ಹತ್ತಿದ್ದೇ ಆ ಎಳೆ ಹಿಡಿದು. ಆದರೆ ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂಲ ಮಾತು ಇರುವುದು ಯಹೂದಿ ಬೈಬಲ್ಲಿನ ಧರ್ಮೋಪದೇಶಕಾಂಡದ 7ನೇ ಅಧ್ಯಾಯದಲ್ಲಿ. ಮೋಶೆ ಜನರಿಗೆ ಹೇಳುತ್ತಾನೆ: ಎಲ್ಲ ಜನಾಂಗಗಳಲ್ಲಿ ದೇವರು ನಿಮ್ಮನ್ನು ಆರಿಸಿಕೊಂಡ, ನೀವು ಜಾಸ್ತಿ ಜನ ಇದ್ದೀರಿ ಅಂತಲ್ಲ, ನೀವು ಎಲ್ಲರಿಗಿಂತ ಕಡಿಮೆ. ಆರಿಸಿದ್ದು ಅವನ ಪ್ರೀತಿಯಿಂದ, ನಿಮ್ಮ ಹಿರಿಯರಿಗೆ ಕೊಟ್ಟ ಮಾತಿನಿಂದ. ಎರಡು ಅಧ್ಯಾಯ ಮುಂದೆ ಹೋದರೆ ಇನ್ನೂ ಖಾರ. ನಿಮ್ಮ ಒಳ್ಳೆಯತನ ನೋಡಿ ಈ ನಾಡು ಕೊಡುತ್ತಿಲ್ಲ, ನೀವು ಹಟಮಾರಿ ಜನ, ನೆನಪಿರಲಿ. ಹೊಗಳಿಕೆ ಅಂದುಕೊಂಡು ಓದಲು ಕೂತವನಿಗೆ ಮುಖಕ್ಕೆ ನೀರು ಎರಚಿದ ಹಾಗಾಗುತ್ತದೆ. ಆದರೆ ಸುಮ್ನೆ ಚಂದದ ಸಾಲು ಮಾತ್ರ ಎತ್ತಿಕೊಂಡರೆ ಮೋಸ. ಅದೇ 7ನೇ ಅಧ್ಯಾಯದ ಶುರುವಿನಲ್ಲೇ ಕಾನಾನಿನ ಏಳು ಜನಾಂಗಗಳನ್ನು ಪೂರ್ತಿ ನಾಶ ಮಾಡಿ, ಅವರಿಗೆ ಕರುಣೆ ತೋರಿಸಬೇಡಿ, ಹೆಣ್ಣು ಕೊಟ್ಟು ತರಬೇಡಿ ಅನ್ನುವ ಆಜ್ಞೆಯೂ ಇದೆ. ಪ್ರೀತಿಯ ಮಾತು, ಕತ್ತಿಯ ಮಾತು ಎರಡೂ ಒಂದೇ ಪುಟದಲ್ಲಿವೆ.

ಈ ನಂಬಿಕೆಯನ್ನು ಒಳಗಿನಿಂದಲೇ ಕುಟ್ಟಿದವನು ಪ್ರವಾದಿ ಆಮೋಸ. ಕ್ರಿ.ಪೂ. 8ನೇ ಶತಮಾನದ ಮನುಷ್ಯ, ತೆಕೋವ ಅನ್ನುವ ಊರಿನ ಕುರುಬ. ಲೋಕದ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ನಾನು ಬಲ್ಲೆ ಅಂತ ಅವನ ದೇವರು ಶುರು ಮಾಡುತ್ತಾನೆ. ಕೇಳುತ್ತಿದ್ದವರಿಗೆ ಎದೆ ಉಬ್ಬಿರಬೇಕು. ಆದ್ದರಿಂದ, ಅಂತ ಮುಂದುವರಿಸುತ್ತಾನೆ, ನಿಮ್ಮ ಎಲ್ಲ ತಪ್ಪುಗಳಿಗೂ ನಿಮ್ಮನ್ನು ದಂಡಿಸುತ್ತೇನೆ. ಪುಸ್ತಕದ ಕೊನೆಗೆ ಬಂದರೆ ಇನ್ನೂ ಒಂದು ಏಟು ಕಾದಿದೆ. ನಿಮ್ಮನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಕರೆತಂದೆ, ಸರಿ. ಫಿಲಿಷ್ಟಿಯರನ್ನು ಕಫ್ತೋರಿನಿಂದ, ಅರಾಮ್ಯರನ್ನು ಕೀರಿನಿಂದ ಕರೆತಂದವನೂ ನಾನೇ ಅಲ್ಲವೇ? ನನಗೆ ನೀವೂ ಆಫ್ರಿಕದ ಕೂಷ್ಯರೂ ಒಂದೇ ಅಲ್ಲವೇ? ಫಿಲಿಷ್ಟಿಯರು ಅಂದರೆ ಹಳೇ ವೈರಿಗಳು. ಅವರಿಗೂ ಒಂದು ಬಿಡುಗಡೆಯ ಕತೆ ಇದೆ, ಅದರ ಹಿಂದೆಯೂ ಇದೇ ದೇವರಿದ್ದಾನೆ ಅಂತ ದೇವರ ಬಾಯಲ್ಲೇ ಹೇಳಿಸಿದ್ದಾನೆ ಕುರುಬ. ಇದನ್ನು ಪವಿತ್ರ ಗ್ರಂಥದಿಂದ ಕಿತ್ತು ಹಾಕದೆ ಉಳಿಸಿಕೊಂಡಿದ್ದಾರಲ್ಲ, ಅದೇ ನನಗೆ ಆಶ್ಚರ್ಯ.

ತಾಲ್ಮೂದ್ ಅಂದರೆ ಯಹೂದಿ ಶಾಸ್ತ್ರಚರ್ಚೆಗಳ ದೊಡ್ಡ ಸಂಗ್ರಹ. ಆ ಕಾಲದ ರಬ್ಬಿಗಳಿಗೆ, ಅಂದರೆ ಧರ್ಮಪಂಡಿತರಿಗೆ, ಇನ್ನೊಂದು ತಕರಾರು ಇತ್ತು. ದೇವರು ಆರಿಸಿದ ಅಂತೀರಲ್ಲ, ಜನರನ್ನು ಯಾರಾದರೂ ಕೇಳಿದರಾ? ಒಂದು ಕತೆಯ ಪ್ರಕಾರ ದೇವರು ತೋರಾವನ್ನು, ಅಂದರೆ ತನ್ನ ಧರ್ಮಶಾಸ್ತ್ರವನ್ನು, ಹಿಡಿದುಕೊಂಡು ಎಲ್ಲ ಜನಾಂಗಗಳ ಬಾಗಿಲಿಗೂ ಹೋದ. ಏಸಾವನ ಮಕ್ಕಳು ಅದರಲ್ಲಿ ಏನಿದೆ ಅಂತ ಕೇಳಿದರು, ಕೊಲೆ ಮಾಡಬಾರದು ಅಂತಿದೆ ಅಂದ, ಬೇಡ ಅಂದರು. ಇಷ್ಮಾಯೇಲನ ಮಕ್ಕಳಿಗೆ ಕಳ್ಳತನದ ಆಜ್ಞೆ ಒಗ್ಗಲಿಲ್ಲ. ಕೊನೆಗೆ ಇಸ್ರಾಯೇಲ್ಯರು ಒಪ್ಪಿಕೊಂಡರು. ನೆರೆಯವರನ್ನು ಹೀಗಳೆಯುವ ಕತೆ ಅನ್ನಿ, ತಪ್ಪಿಲ್ಲ. ಆದರೆ ಇದಕ್ಕೆ ಪೂರ್ತಿ ಉಲ್ಟಾ ಕತೆಯೂ ತಾಲ್ಮೂದಿನಲ್ಲಿದೆ. ಜನ ಸೀನಾಯಿ ಬೆಟ್ಟದ ಬುಡದಲ್ಲಿ ನಿಂತಿದ್ದಾಗ ದೇವರು ಇಡೀ ಬೆಟ್ಟವನ್ನು ಕಿತ್ತು ಹಂಡೆ ಬೋರಲು ಹಾಕಿದ ಹಾಗೆ ಅವರ ತಲೆಯ ಮೇಲೆ ಹಿಡಿದನಂತೆ. ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲೇ ನಿಮ್ಮ ಗೋರಿ ಅಂದನಂತೆ. ತಕ್ಷಣ ಇನ್ನೊಬ್ಬ ರಬ್ಬಿ ಎದ್ದು, ಹಾಗಾದರೆ ಈ ಒಪ್ಪಂದವನ್ನೇ ಪ್ರಶ್ನೆ ಮಾಡಬಹುದಲ್ಲ ಅನ್ನುತ್ತಾನೆ. ಹೆದರಿಸಿ ಹಾಕಿಸಿಕೊಂಡ ಸಹಿಗೆ ಏನು ಬೆಲೆ? ದೇವರ ಮೇಲೇ ವಕೀಲಿ ಬುದ್ಧಿ ತೋರಿಸುವ ಈ ಗುಣ ನನಗೆ ತುಂಬಾ ಇಷ್ಟ. ಸೊಕ್ಕಿನ ಜನ ತಮ್ಮ ಆಯ್ಕೆಯ ಬಗ್ಗೆ ಇಂಥ ಕತೆ ಕಟ್ಟಿಕೊಳ್ಳುವುದಿಲ್ಲ.

ಆದರೆ ಆಮೋಸನ ಮಾತಿಗೂ ಒಂದು ಭಯಂಕರ ಕೊನೆ ಇದೆ. ಆರಿಸಿದ್ದಕ್ಕೇ ದಂಡಿಸುತ್ತಾನೆ ಅನ್ನುವುದಾದರೆ, ಬಿದ್ದ ಪ್ರತಿಯೊಂದು ಪೆಟ್ಟೂ ದೇವರದೇ ಆಗಬೇಕಲ್ಲ? 1961ರ ಆಗಸ್ಟ್‌ನಲ್ಲಿ, ಬರ್ಲಿನ್ ಗೋಡೆ ಏಳುತ್ತಿದ್ದ ದಿನಗಳಲ್ಲೇ, ಅಮೆರಿಕದ ರಬ್ಬಿ ರಿಚರ್ಡ್ ರೂಬೆನ್‌ಸ್ಟೈನ್ ಆ ಊರಲ್ಲಿ ಹೈನ್ರಿಕ್ ಗ್ರೂಬರ್ ಅನ್ನುವ ಪಾದ್ರಿಯನ್ನು ಕಂಡರು. ಗ್ರೂಬರ್ ಕೆಟ್ಟ ಮನುಷ್ಯನಲ್ಲ. ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ಪಾರು ಮಾಡಲು ಓಡಾಡಿದವರು, ಅದಕ್ಕಾಗಿ ಸಾಕ್ಸೆನ್‌ಹೌಸೆನ್ ಮತ್ತು ಡಾಖೌ ಕ್ಯಾಂಪುಗಳಲ್ಲಿ ಕೊಳೆತವರು, ನಾಜಿ ಅಧಿಕಾರಿ ಐಷ್‌ಮನ್‌ನ ವಿಚಾರಣೆಯಲ್ಲಿ ಜೆರುಸಲೇಮಿಗೆ ಹೋಗಿ ಸಾಕ್ಷಿ ಹೇಳಿದವರು. ಅಂಥವರೇ ರೂಬೆನ್‌ಸ್ಟೈನ್ ಮುಂದೆ, ಏನೋ ಕಾರಣಕ್ಕೆ ಹಿಟ್ಲರ್‌ನ ಕೈಯಲ್ಲಿ ಯಹೂದಿಗಳು ಸಾಯಬೇಕು ಅನ್ನುವುದು ದೇವರ ಚಿತ್ತವೇ ಆಗಿತ್ತು ಎಂಬರ್ಥದ ಮಾತು ಹೇಳಿದರು. ದ್ವೇಷದಿಂದ ಹೇಳಿದ್ದಲ್ಲ, ಬೈಬಲ್ಲಿನ ತರ್ಕದಿಂದ ಹೇಳಿದ್ದು. ರೂಬೆನ್‌ಸ್ಟೈನ್ ನಡುಗಿದ್ದು ಅದಕ್ಕೇ. ಇತಿಹಾಸ ನಡೆಸುವ ದೇವರು ನಮ್ಮನ್ನು ಆರಿಸಿದ್ದಾನೆ ಅಂತ ನಾನು ನಂಬಿದರೆ ಈ ಪಾದ್ರಿಯ ಮಾತನ್ನೂ ಒಪ್ಪಲೇಬೇಕು, ಇದನ್ನು ಒಪ್ಪಲಾರೆ ಅಂದರೆ ಅದನ್ನು ಬಿಡಲೇಬೇಕು. ಅವರು ಬಿಟ್ಟರು. 1966ರಲ್ಲಿ ಅದನ್ನೇ ಪುಸ್ತಕವಾಗಿ ಬರೆದು ತಮ್ಮ ಜನರಿಂದ ಸಾಕಷ್ಟು ಬೈಗುಳ ತಿಂದರು.

ಬಿಡುವುದರಲ್ಲಿ ಅವರೇ ಮೊದಲಿಗರೇನಲ್ಲ. 17ನೇ ಶತಮಾನದಲ್ಲಿ ಆಂಸ್ಟರ್‌ಡ್ಯಾಮಿನ ಯಹೂದಿ ತತ್ವಜ್ಞಾನಿ ಸ್ಪಿನೋಜ, ಆ ಆಯ್ಕೆ ಹಳೇ ಇಸ್ರಾಯೇಲ್ಯರ ರಾಜ್ಯಕ್ಕೆ, ಅದರ ಸುಖಕ್ಕೆ ಸಂಬಂಧಿಸಿದ್ದು, ಬುದ್ಧಿಯಲ್ಲಾಗಲೀ ಗುಣದಲ್ಲಾಗಲೀ ಯಾವ ಜನಾಂಗವೂ ಇನ್ನೊಂದಕ್ಕಿಂತ ದೇವರಿಗೆ ಹತ್ತಿರವಲ್ಲ ಅಂದಿದ್ದ. ಅದಕ್ಕೂ ಮೊದಲೇ, 1656ರಲ್ಲಿ, ಅವನ ಸಮುದಾಯ ಅವನನ್ನು ಹೊರಗೆ ಹಾಕಿತ್ತು ಅನ್ನುವುದು ಬೇರೆ ಮಾತು. ಅಮೆರಿಕದ ರಬ್ಬಿ ಮೊರ್ಡೆಕೈ ಕಪ್ಲಾನ್ ಇನ್ನೂ ಮುಂದೆ ಹೋಗಿ ಪ್ರಾರ್ಥನೆಯನ್ನೇ ತಿದ್ದಿದರು. ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ತೋರಾ ಓದಲು ಕರೆದಾಗ ಪ್ರತಿಯೊಬ್ಬರೂ ಹೇಳುವ ಒಂದು ಸ್ತೋತ್ರ ಇದೆ, ಎಲ್ಲ ಜನಾಂಗಗಳಿಂದ ನಮ್ಮನ್ನು ಆರಿಸಿ ತನ್ನ ತೋರಾವನ್ನು ಕೊಟ್ಟವನಿಗೆ ಸ್ತೋತ್ರ ಅಂತ. ಕಪ್ಲಾನ್ ಅದರಿಂದ ಆರಿಸಿದ ಮಾತು ತೆಗೆದು, ನಮ್ಮನ್ನು ತನ್ನ ಸೇವೆಗೆ ಹತ್ತಿರ ಕರೆದವನು ಅಂತ ಹಾಕಿದರು. 1945ರಲ್ಲಿ ಆ ಪ್ರಾರ್ಥನಾ ಪುಸ್ತಕ ಬಂದ ಕೂಡಲೇ ನ್ಯೂಯಾರ್ಕಿನಲ್ಲಿ ಆರ್ಥೊಡಾಕ್ಸ್ (ಕಟ್ಟಾ ಸಂಪ್ರದಾಯದ) ರಬ್ಬಿಗಳ ಒಂದು ಸಭೆ ಅವರಿಗೆ ಬಹಿಷ್ಕಾರ ಹಾಕಿತು. ಅಲ್ಲೇ ಪುಸ್ತಕವನ್ನೂ ಸುಟ್ಟರು. ಯೂರೋಪಿನಲ್ಲಿ ಯಹೂದಿ ಪುಸ್ತಕಗಳನ್ನು ನಾಜಿಗಳು ಸುಟ್ಟ ಬೂದಿ ಇನ್ನೂ ಆರಿರಲಿಲ್ಲ, ಅಂಥ ವರ್ಷ ಅದು.

ಕಪ್ಲಾನರ ಪ್ರಾಮಾಣಿಕತೆ ದೊಡ್ಡದು. ಆದರೂ ಅವರ ತಿದ್ದುಪಡಿ ನನಗೆ ಅಷ್ಟು ರುಚಿಸುವುದಿಲ್ಲ. ಸೊಕ್ಕಿನ ಜೊತೆ ಆಮೋಸನ ಏಟೂ ಹೋಗಿಬಿಡುತ್ತದೆ. ಆರಿಸಲೇ ಇಲ್ಲ ಅಂದಮೇಲೆ ಲೆಕ್ಕ ಕೇಳುವವರು ಯಾರು? ನನ್ನ ಪ್ರಕಾರ ಗಂಟು ಇರುವುದೇ ಬೇರೆ ಕಡೆ. ಆಯ್ಕೆ ಅನ್ನುವುದು ರಕ್ತದಲ್ಲಿ ಹರಿದು ಬರುತ್ತದಾ, ಇಲ್ಲ ಹೆಗಲ ಮೇಲೆ ಹೊತ್ತುಕೊಳ್ಳುವ ಕೆಲಸವಾ? ಇದನ್ನು ಹುಟ್ಟು ಯಹೂದಿಗಳನ್ನು ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಅವರಲ್ಲಿ ಎರಡೂ ಬೆರೆತಿರುತ್ತವೆ. ಹೊರಗಿನಿಂದ ಒಬ್ಬರು ಬಂದು, ನನ್ನನ್ನೂ ಸೇರಿಸಿಕೊಳ್ಳಿ ಅಂದಾಗ ಮಾತ್ರ ಗೊತ್ತಾಗುತ್ತದೆ.

ಈಗ ಮಂಗಳೂರು.

12ನೇ ಶತಮಾನದಲ್ಲಿ ಟ್ಯುನೀಶಿಯದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಯೆಮೆನ್‌ನ ಏಡನ್ ಬಂದರು ದಾಟಿ ಮಲಬಾರ್–ತುಳುನಾಡಿನ ಕರಾವಳಿಗೆ ಬಂದು ಹೆಚ್ಚೂಕಡಿಮೆ 17 ವರ್ಷ ಇದ್ದ. ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ, ಹಳೇ ಕಂಚಿನ ಪಾತ್ರೆ ತರಿಸಿ ಇಲ್ಲಿ ಹೊಸದು ಮಾಡಿಸುತ್ತಿದ್ದ. ಏಡನ್‌ನಿಂದ ಅವನಿಗೆ ಕಾಗದ, ಸಕ್ಕರೆ ಬರುತ್ತಿತ್ತು. ಬೊಮ್ಮ ಅನ್ನುವ ಆಳು ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ಮಾಡಿ ಬರುತ್ತಿದ್ದ. ಇದೆಲ್ಲ ಗೊತ್ತಾಗಿದ್ದು ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಿಂದ. ದೇವರ ಹೆಸರಿರುವ ಕಾಗದ ಹರಿದು ಬಿಸಾಡಬಾರದು ಅಂತ ಅಲ್ಲಿ ನೂರಾರು ವರ್ಷ ಎಲ್ಲ ಬಗೆಯ ಬರಹಗಳನ್ನು ತುರುಕಿ ಇಟ್ಟಿದ್ದರು. ಬೆನ್ ಯಿಜುವಿನ ಪತ್ರಗಳು, ಲೆಕ್ಕದ ಚೀಟಿಗಳು ಅದರಲ್ಲಿ ಸಿಕ್ಕವು.

ಅವನ ಕಾಗದಗಳಲ್ಲಿ 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಪತ್ರ ಇದೆ. ಆಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಬೆನ್ ಯಿಜು ಅವಳನ್ನೇ ಮದುವೆಯಾಗಿ ಮಕ್ಕಳನ್ನು ಪಡೆದ ಅಂತ ಈ ಪತ್ರಗಳನ್ನು ಓದಿದ ವಿದ್ವಾಂಸರು ಹೇಳುತ್ತಾರೆ. ಪತ್ರದ ಪ್ರಕಾರ ಅವಳು ಯಹೂದಿ ಧರ್ಮಕ್ಕೆ ಸೇರಿದ್ದಾಳೆ. ಅವಳಿಗೆ ಬೆರಾಖಾ ಅಂತ ಹೊಸ ಹೆಸರು ಸಿಕ್ಕಿದೆ. ಮತಾಂತರವಾದ ಹೆಂಗಸಿಗೆ ಪದ್ಧತಿಯ ಪ್ರಕಾರ ಅಪ್ಪನ ಹೆಸರಿನ ಜಾಗದಲ್ಲಿ ಅಬ್ರಹಾಮನ ಹೆಸರು ಸೇರುತ್ತದೆ. ಬೆನ್ ಯಿಜು ಅಬ್ರಹಾಂ ಅಲ್ಲ, ಯಹೂದಿಗಳ ಮೂಲ ಪಿತೃ ಅಬ್ರಹಾಮ. ಕರಾವಳಿಯ ಒಬ್ಬ ದಾಸಿ ಒಂದು ಕಾಗದದ ಮೇಲೆ, ಸಾವಿರಾರು ವರ್ಷ ಹಿಂದಿನ ಒಬ್ಬ ಮೂಲಪುರುಷನ ಮಗಳಾದಳು. ಹಾಗಾದರೆ ಅವಳನ್ನೂ ದೇವರು ಆರಿಸಿದನಾ? ಹುಟ್ಟಿನಿಂದ ಬಂದವರಷ್ಟೇ ಪೂರ್ತಿಯಾಗಿ?

ಈ ಪ್ರಶ್ನೆಗೆ ಆ ಕಾಲದ ಇಬ್ಬರು ಬಹು ದೊಡ್ಡ ಯಹೂದಿ ಮನಸ್ಸುಗಳು ಎರಡು ಉತ್ತರ ಕೊಟ್ಟಿವೆ. ಇಬ್ಬರಿಗೂ ಭಾರತದ ವ್ಯಾಪಾರದ ನಂಟು ಇತ್ತು ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಮೊದಲನೆಯವನು ಸ್ಪೇನಿನ ಕವಿ ಯೆಹೂದಾ ಹಲೇವಿ. ಅವನ ಆಪ್ತ ಗೆಳೆಯ ಹಲ್ಫೋನ್ ಬೆನ್ ನೆತನೆಲ್ ಭಾರತಕ್ಕೆ ಓಡಾಡುತ್ತಿದ್ದ ವ್ಯಾಪಾರಿ. ಹಲೇವಿ ಅವನಿಗೆ ಬರೆದ ಕಾಗದಗಳು ಅದೇ ಕೈರೋ ಕೋಣೆಯಲ್ಲಿ ಸಿಕ್ಕಿವೆ. ಆಶುವಿನ ಬಿಡುಗಡೆ ಆಗಿ ಎಂಟು ವರ್ಷದ ಹೊತ್ತಿಗೆ ಹಲೇವಿ ತನ್ನ ದೊಡ್ಡ ಪುಸ್ತಕ ‘ಕುಜಾರಿ’ಯನ್ನು ಅರಬ್ಬಿಯಲ್ಲಿ ಬರೆದು ಮುಗಿಸುತ್ತಿದ್ದ. ಖಜಾರ್ ರಾಜ್ಯದ ಅರಸನಿಗೆ ಕನಸು ಬೀಳುತ್ತದೆ, ನಿನ್ನ ಉದ್ದೇಶ ಸರಿ, ನಡೆ ಸರಿಯಿಲ್ಲ ಅಂತ. ಅವನು ತತ್ವಜ್ಞಾನಿ, ಕ್ರೈಸ್ತ, ಮುಸ್ಲಿಂ, ಕೊನೆಗೆ ಯಹೂದಿ ಪಂಡಿತ, ಹೀಗೆ ಒಬ್ಬೊಬ್ಬರನ್ನೇ ಕರೆಸಿ ಕೇಳುತ್ತಾನೆ. ಯಹೂದಿ ಪಂಡಿತ ಕಲ್ಲು, ಗಿಡ, ಪ್ರಾಣಿ, ಮನುಷ್ಯ ಅಂತ ಮೆಟ್ಟಿಲು ಕಟ್ಟಿ, ಮನುಷ್ಯನ ಮೇಲೆ ಇನ್ನೊಂದು ಮೆಟ್ಟಿಲು ಇಡುತ್ತಾನೆ. ಪ್ರವಾದನೆ ಪಡೆಯುವ ಶಕ್ತಿ ಇರುವವರ ಮೆಟ್ಟಿಲು. ಆ ಶಕ್ತಿ ಆದಾಮನಿಂದ ಒಂದೇ ಎಳೆಯಲ್ಲಿ ಇಳಿದು ಯಾಕೋಬನ ಮಕ್ಕಳಿಗೆ, ಅಂದರೆ ಇಸ್ರಾಯೇಲ್ಯರಿಗೆ, ಬಂತು. ಹೊರಗಿನಿಂದ ಬಂದು ಸೇರಿದವನಿಗೆ ನಮ್ಮ ಒಳಿತಿನಲ್ಲಿ ಪಾಲು ಇದೆ, ಅವನು ಜ್ಞಾನಿಯಾಗಬಹುದು, ಭಕ್ತನಾಗಬಹುದು, ಆದರೆ ನಮಗೆ ಸಮನಲ್ಲ, ಪ್ರವಾದಿಯಾಗಲಾರ. ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುವ ಅರಸ ಯಾರು? ಮತಾಂತರವಾಗಲು ಹೊರಟವನೇ! ಕೇಳಿಸಿಕೊಂಡ ಮೇಲೂ ಮತಾಂತರವಾಗುತ್ತಾನೆ. ಹಲೇವಿ ಇದನ್ನು ಬರೆಯುವಾಗ ಒಮ್ಮೆಯಾದರೂ ಪೆನ್ನು ನಿಲ್ಲಿಸಿದನಾ ಅಂತ ನಾನು ಆಗಾಗ ಯೋಚಿಸುತ್ತೇನೆ. ನ್ಯಾಯವಾಗಿ ಹೇಳಬೇಕೆಂದರೆ, ಒಂದು ಕಡೆ ಕ್ರೈಸ್ತರು, ಇನ್ನೊಂದು ಕಡೆ ಮುಸ್ಲಿಮರು, ಇಬ್ಬರೂ ದೇವರು ನಿಮ್ಮನ್ನು ಕೈಬಿಟ್ಟಾಯಿತು ಅನ್ನುತ್ತಿದ್ದ ಕಾಲದಲ್ಲಿ ತನ್ನ ಜನರಿಗೆ ಧೈರ್ಯ ತುಂಬಲು ಬರೆದ ಪುಸ್ತಕ ಅದು. ಆದರೆ ಧೈರ್ಯಕ್ಕೆಂದು ಕಟ್ಟಿದ ಮೆಟ್ಟಿಲು ಆಮೇಲೂ ಉಳಿಯಿತು. 18ನೇ ಶತಮಾನದ ಕೊನೆಯಲ್ಲಿ ಲಬಾವಿಚ್ ಅನ್ನುವ ಯಹೂದಿ ಭಕ್ತಿ ಪಂಥದ ಮೊದಲ ಗುರು ಶ್ನೆಯೂರ್ ಜಾಲ್ಮನ್, ಯಹೂದಿಯ ಆತ್ಮ ಬೇರೆ ಜಾತಿಯದು, ಉಳಿದವರ ಆತ್ಮದ ಮೂಲ ಅಶುದ್ಧ ಅಂತಲೇ ಬರೆದರು. ಅದನ್ನು ಈಗಲೂ ದಿನಾ ಓದುವವರಿದ್ದಾರೆ. ಎಷ್ಟೇ ನಯವಾಗಿ ಅರ್ಥ ಹೇಳಿದರೂ ನನ್ನ ಗಂಟಲಲ್ಲಿ ಅದು ಇಳಿಯುವುದಿಲ್ಲ.

ಎರಡನೆಯವನು ತತ್ವಜ್ಞಾನಿ, ಶಾಸ್ತ್ರಪಂಡಿತ ಮೈಮೋನಿಡೀಸ್. 1138ರಲ್ಲಿ ಕೊರ್ಡೋಬಾದಲ್ಲಿ ಹುಟ್ಟಿ, ಕೊನೆಗೆ ಹಳೇ ಕೈರೋದಲ್ಲಿ ನೆಲೆಸಿದವನು. ಅವನ ತಮ್ಮ ದಾವೀದ ರತ್ನದ ವ್ಯಾಪಾರಿ. ಭಾರತಕ್ಕೆ ಹೊರಟ ಹಡಗಿನ ಜೊತೆ ಹಿಂದೂ ಮಹಾಸಾಗರದಲ್ಲಿ ಮುಳುಗಿ ಹೋದ. ಆ ದುಃಖಕ್ಕೆ ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದ ಅಂತ ಅವನೇ ಬರೆದುಕೊಂಡಿದ್ದಾನೆ.

ಈ ಮೈಮೋನಿಡೀಸ್‌ಗೆ ಒಬಾದ್ಯ ಅನ್ನುವ ಒಬ್ಬನಿಂದ ಕಾಗದ ಬಂತು. ಇಸ್ಲಾಂನಿಂದ ಯಹೂದಿ ಧರ್ಮಕ್ಕೆ ಬಂದವನು. ಪ್ರಾರ್ಥನೆಯಲ್ಲಿ ನಾನು ನಮ್ಮ ಪಿತೃಗಳ ದೇವರೇ ಅನ್ನಬಹುದಾ? ನಮ್ಮನ್ನು ಆರಿಸಿದವನು ಅನ್ನಬಹುದಾ? ಐಗುಪ್ತದಿಂದ ನಮ್ಮನ್ನು ಬಿಡಿಸಿದವನು ಅನ್ನಬಹುದಾ? ನನ್ನ ಅಜ್ಜ ಮುತ್ತಜ್ಜ ಅಲ್ಲಿರಲಿಲ್ಲವಲ್ಲ? ಇದು ಸುಮ್ನೆ ಹುಟ್ಟಿದ ಅನುಮಾನ ಅಲ್ಲ. ಮತಾಂತರವಾದವನು ಒಬ್ಬನೇ ಪ್ರಾರ್ಥಿಸುವಾಗ ಇಸ್ರಾಯೇಲಿನ ಪಿತೃಗಳ ದೇವರೇ ಅಂತ ಹೇಳಬೇಕು, ನಮ್ಮ ಅನ್ನಬಾರದು ಅಂತ ತಾಲ್ಮೂದಿನ ತಳಹದಿಯಾದ ಮಿಶ್ನಾದಲ್ಲಿ ಸ್ಪಷ್ಟವಾಗಿಯೇ ಇದೆ. ಮೈಮೋನಿಡೀಸ್ ಅದನ್ನು ಪಕ್ಕಕ್ಕಿಟ್ಟು ಜೆರುಸಲೇಮ್ ತಾಲ್ಮೂದಿನ ಬೇರೆ ಅಭಿಪ್ರಾಯ ಹಿಡಿದ. ಎಲ್ಲವನ್ನೂ ಹೇಳು, ಒಂದು ಅಕ್ಷರ ಬದಲಿಸಬೇಡ. ಐಗುಪ್ತದ ಸಾಲು ಮಾತ್ರ ಬೇಕಾದರೆ ಬದಲಿಸು, ಬದಲಿಸದಿದ್ದರೂ ತಪ್ಪಿಲ್ಲ. ಅಬ್ರಹಾಮ ತಾನೇ ವಿಗ್ರಹ ಬಿಟ್ಟು ಬಂದವನು, ಅವನ ದಾರಿ ಹಿಡಿದ ಎಲ್ಲರಿಗೂ ಅವನೇ ತಂದೆ. ನಿನ್ನ ಕುಲ ಸಣ್ಣದು ಅಂದುಕೊಳ್ಳಬೇಡ, ನಾವು ನಮ್ಮ ಮೂಲವನ್ನು ಅಬ್ರಹಾಮನಿಗೆ ಮುಟ್ಟಿಸುತ್ತೇವೆ, ನಿನ್ನ ಮೂಲ ಜಗತ್ತನ್ನು ಮಾತಿನಿಂದ ಉಂಟುಮಾಡಿದವನಿಗೇ ಮುಟ್ಟುತ್ತದೆ ಅಂದ. ಇನ್ನೊಂದು ಸಲ, ಮುಸ್ಲಿಮರು ವಿಗ್ರಹ ಪೂಜಕರಲ್ಲ ಅಂತ ವಾದಿಸಿದ್ದಕ್ಕೆ ಒಬಾದ್ಯನನ್ನು ಅವನ ಗುರು ಮೂರ್ಖ ಅಂದಿದ್ದ. ಮೈಮೋನಿಡೀಸ್ ಒಬಾದ್ಯನ ವಾದವೇ ಸರಿ ಅಂದು, ಗುರುವಿಗೆ ಚೆನ್ನಾಗಿ ಬೈದು, ಅವನು ನಿನ್ನ ಕ್ಷಮೆ ಕೇಳಬೇಕು ಅಂತ ಬರೆದ. ಇಷ್ಟಕ್ಕೂ ತಾನು ಪಟ್ಟಿ ಮಾಡಿದ ಯಹೂದಿ ನಂಬಿಕೆಯ 13 ಮೂಲ ತತ್ವಗಳಲ್ಲಿ ಮೈಮೋನಿಡೀಸ್ ಆಯ್ಕೆಯನ್ನು ಸೇರಿಸಿಯೇ ಇಲ್ಲ. ಮರೆತಿರಲಾರ. ಅವನು ಮರೆಯುವ ಮನುಷ್ಯ ಅಲ್ಲ.

ಹಾಗಾದರೆ ಮೈಮೋನಿಡೀಸ್ ಗೆದ್ದನಾ? ಕಾಗದದ ಮೇಲೆ ಹೌದು. ನೆಲದ ಮೇಲೆ ಏನಾಯಿತು ಅಂತ ನೋಡಲು ಮಂಗಳೂರಿನಿಂದ ಸ್ವಲ್ಪ ಕೆಳಗೆ, ಕೊಚ್ಚಿಗೆ ಹೋದರೆ ಸಾಕು.

ಕೊಚ್ಚಿಯಲ್ಲಿ ಬಹು ಹಿಂದಿನಿಂದ ಇದ್ದ ಮಲಬಾರ್ ಯಹೂದಿಗಳ ಜೊತೆಗೆ, 16ನೇ ಶತಮಾನದಲ್ಲಿ ಸ್ಪೇನ್ ಮುಂತಾದ ಕಡೆಯಿಂದ ಬಂದ ಪರದೇಶಿ ಯಹೂದಿಗಳು ಸೇರಿಕೊಂಡರು. 1568ರಲ್ಲಿ ತಮ್ಮದೇ ಸಿನಗಾಗ್ ಕಟ್ಟಿಕೊಂಡರು. ಈಗ ಪ್ರವಾಸಿಗರು ಮಟ್ಟಂಚೇರಿಗೆ ಹೋಗಿ ನೀಲಿ ಹೆಂಚುಗಳ ಫೋಟೋ ತೆಗೆಯುವುದು ಅಲ್ಲೇ. ಮಲಬಾರಿನವರು ಕರಿಯರು, ಪರದೇಶಿಗಳು ಬಿಳಿಯರು ಅಂತ ಎರಡು ಪಂಗಡ ಆಯಿತು, ಪರಸ್ಪರ ಹೆಣ್ಣು ಗಂಡು ಕೊಡುವುದು ನಿಂತಿತು. ಕರಿಯರು ದಾಸರ ಸಂತಾನ ಅನ್ನುವುದು ಬಿಳಿಯರ ನೆಪ. 16ನೇ ಶತಮಾನದಲ್ಲೇ ಈ ವ್ಯಾಜ್ಯ ಕೈರೋಗೆ ಹೋಯಿತು, ಮೈಮೋನಿಡೀಸ್ ಬದುಕಿದ್ದ ಊರಿಗೇ. ಅಲ್ಲಿನ ದೊಡ್ಡ ರಬ್ಬಿ ದಾವೀದ್ ಇಬ್ನ್ ಜಿಮ್ರಾ ಉತ್ತರ ಬರೆದರು: ಅವರಿಗೆ ಶಾಸ್ತ್ರದ ಪ್ರಕಾರ ನೀರಿನಲ್ಲಿ ಮುಳುಗು ಹಾಕಿಸಿ, ಆಮೇಲೆ ಅವರೂ ನೀವೂ ಒಂದೇ, ಮದುವೆಗೂ ಅಡ್ಡಿಯಿಲ್ಲ. ಕೊಚ್ಚಿಯ ದೊಡ್ಡವರು ಕೇಳಲಿಲ್ಲ. ಬೇರೆಯವರಿಗೂ ಕಾಗದ ಬರೆದರು, ಹೆಚ್ಚೂಕಡಿಮೆ ಅದೇ ಉತ್ತರ ಬಂತು, ಅದನ್ನೂ ಕೇಳಲಿಲ್ಲ. ಸುತ್ತ ಇದ್ದ ಜಾತಿ ಪದ್ಧತಿ ಅವರಿಗೆ ಶಾಸ್ತ್ರಕ್ಕಿಂತ ಹತ್ತಿರವಾಗಿತ್ತು.

ಪರದೇಶಿ ಸಿನಗಾಗ್ ಒಳಗೇ ಇನ್ನೊಂದು ಗುಂಪು ಇತ್ತು, ಮೆಶುಹ್ರಾರಿಮ್ ಅಂತ. ಬಿಡುಗಡೆ ಪಡೆದ ದಾಸರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಆಶುವಿನ ಹಾಗೇ ಬಂದವರು ಅಂತಿಟ್ಟುಕೊಳ್ಳಿ. ಇವರು ಒಳಗೆ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ. ತೋರಾ ಓದಲು ಇವರನ್ನು ಕರೆಯುತ್ತಿರಲಿಲ್ಲ. ಅಂದರೆ ನಮ್ಮನ್ನು ಆರಿಸಿದವನಿಗೆ ಸ್ತೋತ್ರ ಅನ್ನುವ ಆ ಸಾಲನ್ನು ಇವರು ಎಲ್ಲರ ಮುಂದೆ ನಿಂತು ಹೇಳುವ ಹಾಗೇ ಇರಲಿಲ್ಲ. ಈ ಕುಟುಂಬಗಳಲ್ಲಿ 1882ರಲ್ಲಿ ಹುಟ್ಟಿದವರು ಎ. ಬಿ. ಸೇಲಂ. ವಕೀಲರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿ ಬಂದವರು. ಗಾಂಧೀಜಿಯ ದಾರಿಯನ್ನು ಸಿನಗಾಗ್ ಒಳಗೆ ತಂದರು. ಸತ್ಯಾಗ್ರಹ, ಬಹಿಷ್ಕಾರ, ಉಪವಾಸದ ಬೆದರಿಕೆ ಎಲ್ಲ ನಡೆಯಿತು. ನಿಧಾನವಾಗಿ ಒಂದೊಂದೇ ತಡೆ ಬಿತ್ತು. ಜನ ಅವರನ್ನು ಯಹೂದಿ ಗಾಂಧಿ ಅಂದರು. ಆದರೂ ಅವರ ಮಗ ಒಬ್ಬ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾಗಲು ಮುಂಬೈಗೆ ಹೋಗಬೇಕಾಯಿತು. ಅಷ್ಟು ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯವೇ ಬಂದಿತ್ತು.

ಇಸ್ರೇಲಿಗೆ ಹೋದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡವರಿಗೂ ಒಂದು ಪಾಠ ಕಾದಿತ್ತು. ಕೊಂಕಣ ಕರಾವಳಿಯಿಂದ ಹೋದ ಬೆನೆ ಇಸ್ರೇಲಿ ಯಹೂದಿಗಳು ಬೇರೆ ಯಹೂದಿಗಳನ್ನು ಮದುವೆಯಾಗಲು ಹೊರಟರೆ, ತಾಯಿಯ ಕಡೆಯ ತಲೆಮಾರುಗಳನ್ನು ಹಿಂದೆ ಹಿಂದೆ ಕೆದಕಿ ವಿಚಾರಿಸಿ ಅಂತ 1960ರ ದಶಕದ ಶುರುವಿನಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಕಚೇರಿ ಸೂಚನೆ ಕೊಟ್ಟಿತು. ಅವರು ಬೀದಿಗಿಳಿದರು. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು, ಸಂಸತ್ತು ಸೇರಿ ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಬೇಕಾಯಿತು, ಕಚೇರಿ ಸೂಚನೆ ತಿದ್ದಿಕೊಂಡಿತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು, ಜಗಳ ಇರುವುದು ಯಹೂದಿಗಳು ಮತ್ತು ಉಳಿದವರ ನಡುವೆ ಅಲ್ಲ, ಆಯ್ಕೆಯ ಈ ಎರಡು ಅರ್ಥಗಳ ನಡುವೆ. ರಕ್ತದ ಅರ್ಥ ಸೋತರೆ ಸಾಕು, ಎಲ್ಲ ಸರಿಯಾಗುತ್ತದೆ ಅಂತ ಅಂದುಕೊಳ್ಳುವುದು ಸುಲಭ. ಆದರೆ ಹೆಗಲಿನ ಅರ್ಥವೂ ಬಾಗಿಲು ಹಾಕಬಲ್ಲದು. ತಾಲ್ಮೂದಿನ ಕಾಲದಲ್ಲಿ ಸೇರಲು ಬಂದವನಿಗೆ ಕೇಳುತ್ತಿದ್ದದ್ದು ಇಷ್ಟು: ಈ ಜನ ಈಗ ತುಳಿತಕ್ಕೆ ಸಿಕ್ಕಿ ನರಳುತ್ತಿದ್ದಾರೆ, ಗೊತ್ತಾ? ಗೊತ್ತು, ನನಗೆ ಆ ಯೋಗ್ಯತೆಯೂ ಇಲ್ಲ ಅಂದರೆ ಕೂಡಲೇ ಸೇರಿಸಿಕೊಳ್ಳುತ್ತಿದ್ದರು. ಕೆಲವು ಸಣ್ಣ ಆಜ್ಞೆ, ಕೆಲವು ದೊಡ್ಡ ಆಜ್ಞೆ ತಿಳಿಸುತ್ತಿದ್ದರು, ಜಾಸ್ತಿ ಹೆದರಿಸಬಾರದು ಅಂತಲೂ ನಿಯಮ ಇತ್ತು. ಇವತ್ತಿನ ಇಸ್ರೇಲಿನಲ್ಲಿ ಆರ್ಥೊಡಾಕ್ಸ್ ಅಲ್ಲದ ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಪಂಗಡಗಳ ಮೂಲಕ ಮತಾಂತರವಾದವರನ್ನು ಮುಖ್ಯ ರಬ್ಬಿಗಳ ಕಚೇರಿ ಯಹೂದಿಗಳು ಅಂತ ಒಪ್ಪುವುದಿಲ್ಲ. 2021ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವದ ಮಟ್ಟಿಗೆ ಅವರೂ ಯಹೂದಿಗಳೇ ಅಂದಿತು. ಮದುವೆ ಮಾತ್ರ ಇನ್ನೂ ರಬ್ಬಿಗಳ ಕೈಯಲ್ಲೇ ಇದೆ. ಒಬ್ಬಳೇ ಹೆಂಗಸು ಸರ್ಕಾರದ ಒಂದು ಕಿಟಕಿಯಲ್ಲಿ ಯಹೂದಿ, ಇನ್ನೊಂದು ಕಿಟಕಿಯಲ್ಲಿ ಅಲ್ಲ. ರಬ್ಬಿಗಳ ವಾದ ರಕ್ತದ್ದಲ್ಲ, ಇವರು ತೋರಾದ 613 ಆಜ್ಞೆಗಳನ್ನು ಮನಸಾರೆ ಹೊತ್ತುಕೊಂಡಿಲ್ಲ ಅಂತ. ಮೈಮೋನಿಡೀಸ್ ಒಬಾದ್ಯನಿಗೆ ಬರೆದದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ವರ್ಷದ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪೂರ್‌ನ ಉಪವಾಸವನ್ನೇ ಮಾಡದ, ಆಜ್ಞೆಗಳ ಹೆಸರೂ ಗೊತ್ತಿಲ್ಲದ ಟೆಲ್ ಅವಿವ್‌ನ ಹುಡುಗನೊಬ್ಬ ಮದುವೆ ರಿಜಿಸ್ಟರ್ ಮಾಡಿಸಲು ಹೋದರೆ, ಎಷ್ಟು ಆಜ್ಞೆ ಹೊತ್ತಿದ್ದೀಯ ಅಂತ ಅವನನ್ನು ಯಾರೂ ಕೇಳುವುದಿಲ್ಲ. ತಾಯಿ ಯಹೂದಿಯಾ ಅಂತ ಕೇಳುತ್ತಾರೆ.